ಏಳು ಕೋಲು, ಎರಡು ಪಾವು ರಾಗಿ

ತುಂಬ ಹಿಂದೆ, ಒಂದು ಊರಲ್ಲಿ. ಎಷ್ಟು ಹಿಂದೆ ಅಂತ ಕೇಳಬೇಡಿ, ಲೆಕ್ಕ ಇಟ್ಟವರಿಲ್ಲ. ಊರಿನ ಬಡಗಣಕ್ಕೆ ಕಾಣುತ್ತದಲ್ಲ ಬೂದಿಗುಡ್ಡ, ಅದು ಆಗ ಗುಡ್ಡವೇ ಆಗಿರಲಿಲ್ಲ, ಆಳೆತ್ತರದ ದಿಬ್ಬವಾಗಿತ್ತು. ಗಣಿಯಿಂದ ಕಲ್ಲು ಎತ್ತಿಸಿ, ಪುಡಿ ಮಾಡಿಸಿ, ಚಿನ್ನ ಸೋಸಿಕೊಂಡು, ಮಿಕ್ಕ ಬೂದಿಯಂಥ ಪುಡಿಯನ್ನು ದೊರೆಗಳು ಅಲ್ಲಿ ಸುರಿಸುತ್ತಿದ್ದರು. ಚಿನ್ನ ಹಡಗು ಹತ್ತಿತು, ಬೂದಿ ನಮಗೆ ಉಳಿಯಿತು. ಆ ದಿಬ್ಬ ಆಳೆತ್ತರ ಇದ್ದ ಕಾಲಕ್ಕೆ ನಮ್ಮೂರು ಹೊಸಕುಂಟೆಯಲ್ಲಿ ಸಂಪಂಗಮ್ಮ ಅಂತ ಒಬ್ಬಳಿದ್ದಳು ಅಂತಾರೆ.

ಸಂಪಂಗಮ್ಮ ಕುಲುಮೆಯವಳು. ಊರ ಹೊರಗೆ ಹೊಂಗೆಮರದ ಕೆಳಗೆ ಅವಳ ಕುಲುಮೆ. ಆಗಿನ ಕಾಲದಲ್ಲಿ ಕುಲುಮೆಯ ಹೆಂಗಸರು ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದರು, ಸುತ್ತಿಗೆ ಗಂಡಸರ ಕೈಯಲ್ಲಿರುತ್ತಿತ್ತು. ಅವಳ ಗಂಡ ಬೈರಾಚಾರಿ ಬದುಕಿದ್ದಾಗ ಅವಳೂ ತಿದಿ ಒತ್ತಿದವಳೇ. ಅವನು ತೀರಿಕೊಂಡ ಹನ್ನೊಂದನೆಯ ದಿನ ಒಬ್ಬ ರೈತ ಸಾವಿನ ಸುದ್ದಿ ಗೊತ್ತಿಲ್ಲದೆ ಮುರಿದ ಕುಡುಗೋಲು ಹಿಡಿದು ಬಂದ. ಸಂಪಂಗಮ್ಮ ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತಿಗೆ ಎತ್ತಿದಳು. ಊರು ಎರಡು ತಿಂಗಳು ಆಡಿಕೊಂಡಿತು. ಮೂರನೆಯ ತಿಂಗಳು ಸುಗ್ಗಿ ಬಂತು, ಕುಡುಗೋಲು ಮೊಂಡಾದವು, ಆಡಿಕೊಂಡವರೇ ಸಾಲಾಗಿ ನಿಂತರು.

ಅವಳಿಗೆ ಒಂದು ರೋಗವಿತ್ತು ಅಂತಾರೆ. ಯಾಕೆ ಅನ್ನುವ ರೋಗ. ಗಂಡ ಇದ್ದಾಗಲೇ ಇತ್ತು. ಕಬ್ಬಿಣ ಕೆಂಪಾದಾಗ ಯಾಕೆ ಬಗ್ಗುತ್ತದೆ, ನೀರಿಗೆ ಹಾಕಿದರೆ ಯಾಕೆ ಗಟ್ಟಿಯಾಗುತ್ತದೆ, ಒಂದೇ ಬೆಂಕಿಯಲ್ಲಿ ಹುಟ್ಟಿದ ಎರಡು ಕುಡುಗೋಲಿನಲ್ಲಿ ಒಂದು ಹಾಡುತ್ತದೆ, ಇನ್ನೊಂದು ಯಾಕೆ ಗೊಣಗುತ್ತದೆ. ಮಾರಾಯ್ತಿ, ಸುಮ್ಮನೆ ತಿದಿ ಒತ್ತು ಅನ್ನುತ್ತಿದ್ದನಂತೆ ಬೈರಾಚಾರಿ.

ಗುದ್ದಲಿ ಬೇಕು ಅಂತ ಯಾರಾದರೂ ಹೋದರೆ ಅವಳು ಮೊದಲು ಕಬ್ಬಿಣ ಮುಟ್ಟುತ್ತಿರಲಿಲ್ಲ. ಬಿಂದಿಗೆ ಕೊಟ್ಟು, ಹೋಗಿ ಬಾವಿಯಿಂದ ನೀರು ತಾ ಅನ್ನುತ್ತಿದ್ದಳು. ಅವರು ನೀರು ಹೊತ್ತು ಬರುವಷ್ಟರಲ್ಲಿ ಅವರ ಗುದ್ದಲಿಯ ಕಾವು, ಅಂದರೆ ಮರದ ಹಿಡಿ, ಎಷ್ಟುದ್ದ, ಅಲಗು ಎಷ್ಟು ಬಾಗಿರಬೇಕು, ಎಲ್ಲ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಮಣ್ಣಿನ ಮೇಲಿನ ಹೆಜ್ಜೆ ನೋಡಿಯೇ ಯಾರ ಕೊಡಲಿ ಸವೆದಿದೆ ಅಂತ ಹೇಳುತ್ತಿದ್ದಳು ಅಂತಲೂ ಅಂತಾರೆ. ಅದು ಸ್ವಲ್ಪ ಉಪ್ಪುಖಾರ ಹಚ್ಚಿದ್ದು ಇರಬಹುದು. ನೀರು ಹೊರಿಸುತ್ತಿದ್ದದ್ದಂತೂ ನಿಜ, ಹೊತ್ತವರ ಮೊಮ್ಮಕ್ಕಳು ಇನ್ನೂ ಇದ್ದಾರೆ.

ಇನ್ನು ಆ ಆಟದ ಕಥೆ. ಬೂದಿದಿಬ್ಬದ ಬುಡಕ್ಕೆ ಒಂದು ಬಯಲಿತ್ತು. ಹುಲ್ಲಿಲ್ಲ, ನೆರಳಿಲ್ಲ, ಮೇಕೆ ಕೂಡ ಅಲ್ಲಿ ಎರಡು ಬಾಯಿ ಹಾಕಿ ಮುಂದೆ ಹೋಗುತ್ತಿತ್ತು. ಅಂಥ ಬಯಲಿನಲ್ಲಿ ದೊರೆಗಳು ಗಾಲ್ಫ್ ಆಡುತ್ತಿದ್ದರು. ಅಲ್ಲಲ್ಲಿ ಮರಳಿಗೆ ಎಣ್ಣೆ ಬೆರೆಸಿ ಚಪ್ಪಟೆ ಮಾಡಿ, ನಡುವೆ ಒಂದು ಗುಳಿ ತೋಡಿದ್ದರು. ಅಂಥ ಗುಳಿ ಒಂಬತ್ತು. ನಿಂಬೆಹಣ್ಣಿನಷ್ಟು ಚೆಂಡನ್ನು ಕೋಲಿನಿಂದ ಬಾರಿಸಿ, ನಡೆದು ಹೋಗಿ ಹುಡುಕಿ, ಮತ್ತೆ ಬಾರಿಸಿ, ಕೊನೆಗೆ ಗುಳಿಗೆ ಹಾಕಬೇಕು. ಹಾಕಿದ ಮೇಲೆ? ಮತ್ತೆ ಹೊರಗೆ ತೆಗೆಯಬೇಕು. ಇಷ್ಟು ಚಿನ್ನ ಸಿಕ್ಕರೂ ಇವರಿಗೆ ತೃಪ್ತಿ ಇಲ್ಲ, ಇನ್ನೂ ಗುಳಿ ಗುಳಿ ತಡಕುತ್ತಾರೆ ಅಂತ ನಮ್ಮ ಮುದುಕಿಯರು ನಗುತ್ತಿದ್ದರಂತೆ.

ದೊರೆಗಳ ಹಿಂದೆ ಕೋಲಿನ ಚೀಲ ಹೊತ್ತು ನಡೆಯುತ್ತಿದ್ದವರು ನಮ್ಮೂರ ಗಂಡಸರು. ಅವರಲ್ಲಿ ಪಿಳ್ಳಪ್ಪ ಅಂತ ಒಬ್ಬ. ವಾರದಲ್ಲಿ ಆರು ದಿನ ಗಣಿಯೊಳಗೆ ಇಳಿಯುತ್ತಿದ್ದ, ಏಳನೆಯ ದಿನ ಚೀಲ ಹೊರುತ್ತಿದ್ದ. ವರ್ಷಕ್ಕೆ ಒಂದು ದಿನ ಚೀಲ ಹೊರುವವರಿಗೂ ಆಡಲು ಬಿಡುತ್ತಿದ್ದರು. ಆ ದಿನ ಪಿಳ್ಳಪ್ಪ ಎರವಲು ಕೋಲು ಹಿಡಿದು ಬಾರಿಸಿದರೆ ಚೆಂಡು ಹೊಂಗೆಮರ ದಾಟಿ ಪಂಪುಮನೆಯ ಗೋಡೆಗೆ ಬಡಿಯುತ್ತಿತ್ತು. ದೊರೆಗಳು ಕೂಡ ಪೈಪು ಬಾಯಿಂದ ತೆಗೆದು ನೋಡುತ್ತಿದ್ದರು ಅಂತಾರೆ.

ಒಂದು ದಿನ ಗಣಿಯೊಳಗೆ ಮರದ ತೊಲೆ ಕುಸಿದು ಪಿಳ್ಳಪ್ಪನ ಬಲಗೈ ಮೇಲೆ ಬಿತ್ತು. ಜೀವ ಉಳಿಯಿತು. ಕೈಯೂ ಉಳಿಯಿತು, ಆದರೆ ಮೊಣಕೈ ನೆಟ್ಟಗಾಗಲಿಲ್ಲ. ಬಾಗಿಲ ಚಿಲಕದ ಹಾಗೆ ಬಾಗಿಯೇ ನಿಂತುಬಿಟ್ಟಿತು. ಈ ಕೈಯಲ್ಲಿ ಕೆಳಗಿಳಿಯುವ ಹಾಗಿಲ್ಲ ಅಂತ ಗಣಿಯ ಡಾಕ್ಟರು ಬರೆದರು. ಕೆಲಸ ಇದ್ದವರಿಗೆ ಮಾತ್ರ ಗಣಿಯವರು ಸಾಲಾಗಿ ಕಟ್ಟಿಸಿದ ಲೈನು ಮನೆ. ಯುಗಾದಿ ಕಳೆದ ಮೇಲೆ ಮನೆ ಬಿಡಬೇಕು ಅಂತ ಹೇಳಿ ಕಳಿಸಿದರು. ಪಿಳ್ಳಪ್ಪನ ಹೆಂಡತಿ ಅಕ್ಕಯಮ್ಮ, ಮೂರು ಹೆಣ್ಣುಮಕ್ಕಳು, ಕಣ್ಣು ಕಾಣದ ಅತ್ತೆ. ಹೋಗುವುದೆಲ್ಲಿಗೆ?

ಆಟದ ಬಯಲನ್ನು ನೋಡಿಕೊಳ್ಳುತ್ತಿದ್ದ ಸೆಕ್ರೆಟರಿ ದೊರೆಗೆ ಪಿಳ್ಳಪ್ಪನ ಮೇಲೆ ಅಭಿಮಾನವಿತ್ತು. ಹೊಸದಾಗಿ ಬಂದ ದೊರೆಗಳಿಗೆ ಆಟ ಕಲಿಸುತ್ತಿದ್ದವನು ಊರಿಗೆ ಹೊರಟುಹೋಗಿದ್ದ. ಆ ಜಾಗಕ್ಕೆ ಪಿಳ್ಳಪ್ಪ ಯಾಕಾಗಬಾರದು ಅಂತ ಆಟ ನಡೆಸುವ ದೊರೆಗಳ ಕಮಿಟಿಯನ್ನು ಕೇಳಿದ. ಸೊಟ್ಟಗೈಯವನು ಏನು ಕಲಿಸುತ್ತಾನೆ ಅಂತ ಕಮಿಟಿ ನಕ್ಕಿತು. ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಯುಗಾದಿ ಕಳೆದ ಶನಿವಾರ ಪಿಳ್ಳಪ್ಪ ಕಮಿಟಿಯ ಎದುರು ಆಡಬೇಕು. ಒಂಬತ್ತು ಗುಳಿ, ನಲವತ್ತೈದು ಏಟು. ಒಂದು ಏಟು ಹೆಚ್ಚಾದರೂ ಕೆಲಸವಿಲ್ಲ, ಮನೆಯಿಲ್ಲ. ಮತ್ತೆ ಎರವಲು ಕೋಲಿನಲ್ಲಿ ಆಡುವಂತಿಲ್ಲ. ಆಟ ಕಲಿಸುವವನ ಕೋಲು ಅವನ ಸ್ವಂತದ್ದೇ ಆಗಿರಬೇಕು, ಅದು ಅವರ ಪದ್ಧತಿ.

ಪಿಳ್ಳಪ್ಪನಿಗೆ ಸ್ವಂತ ಕೋಲು ಎಲ್ಲಿಂದ ಬರಬೇಕು? ಸೆಕ್ರೆಟರಿ ದೊರೆ ಉಗ್ರಾಣದ ಬಾಗಿಲು ತೆಗೆಸಿದ. ಊರು ಬಿಟ್ಟು ಹೋದವರ, ಇಲ್ಲೇ ಮಣ್ಣಾದವರ ಚೀಲಗಳು ಮೂರು ಅಲ್ಲಿ ತುಕ್ಕು ಹಿಡಿಯುತ್ತಿದ್ದವು. ಮೂರೂ ಹೊತ್ತುಕೊಂಡು ಹೋಗು, ಇನ್ನು ಮೇಲೆ ನಿನ್ನವೇ ಅಂದ.

ಒಂದು ಚೀಲದ ಕೋಲುಗಳ ಅಲಗು ಚಾಕುವಿನಂತೆ ತೆಳು. ಇನ್ನೊಂದರವು ದಪ್ಪ ತಳದವು, ಗುದ್ದಲಿಯ ಅಣ್ಣತಮ್ಮಂದಿರು. ಮೂರನೆಯದು ಯಾರೋ ದೊರೆಸಾನಿಯದು, ಹಗುರ, ಗಿಡ್ಡ. ಒಂದೊಂದರಲ್ಲೂ ಅರ್ಧ ಕೋಲು ಕಳೆದುಹೋಗಿದ್ದವು. ಪಿಳ್ಳಪ್ಪ ಅವನ್ನು ಎಡಹೆಗಲಿಗೆ ಹಾಕಿಕೊಂಡು ಶಿವರಾತ್ರಿಯ ಮಾರನೆಯ ಬೆಳಗ್ಗೆ ಸಂಪಂಗಮ್ಮನ ಕುಲುಮೆಗೆ ಬಂದ.

"ಅಕ್ಕಾ, ಇವನ್ನ ನಾಲ್ಕ್ ಬೆರಳು ಕುಯ್ದು ಕೊಡು, ಸಾಕು."

"ಯಾಕ್ ಕುಯ್ಯಬೇಕು?"

"ಕೈ ಗಿಡ್ಡ ಆಗೈತಲ್ಲ."

"ಕೈ ಗಿಡ್ಡ ಆದ್ರೆ ಕೋಲು ಉದ್ದ ಆಗ್ಬೇಕು. ಗಿಡ್ಡ ಯಾಕಪ್ಪಾ?"

ಸಂಪಂಗಮ್ಮ ಬಿಂದಿಗೆ ಕೊಟ್ಟು ನೀರಿಗೆ ಕಳಿಸಿದಳು.

ಅವನು ಬಿಂದಿಗೆ ಹೊತ್ತು ಬರುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಬಲಭುಜ ಇಳಿದುಹೋಗಿತ್ತು, ಸೊಂಟ ಎಡಕ್ಕೆ ವಾಲಿತ್ತು. ಹೊಂಗೆಮರ ದಾಟಿಸಿ ಹೊಡೆಯುತ್ತಿದ್ದ ಆಳು ಇವನೇನಾ ಅನ್ನಿಸಿತು. ಆದರೆ ಅಯ್ಯೋ ಅಂದುಕೊಂಡು ಕೂರುವ ಹೆಂಗಸಲ್ಲ ಅವಳು. ಕುಲುಮೆಯ ಬೂದಿಯನ್ನು ಅಂಗಳದಲ್ಲಿ ಬೆರಳು ದಪ್ಪಕ್ಕೆ ಹರಡಿದಳು. ಆ ಬೂದಿಯ ಮೇಲೆ ಒಂದೊಂದೇ ಕೋಲು ಬೀಸಿಸಿದಳು. ಬೀಸಿದ ಮೇಲೆ ಮಂಡಿಯೂರಿ ಗೆರೆ ನೋಡಿದಳು. ತೆಳು ಅಲಗಿನ ಉದ್ದ ಕೋಲು ಬೂದಿಯನ್ನು ಒಂದೇ ತುದಿಯಲ್ಲಿ ಅಗೆದಿತ್ತು, ಇನ್ನೊಂದು ತುದಿ ಮುಟ್ಟಿಯೇ ಇರಲಿಲ್ಲ. ಅದೇ ಉದ್ದದ ದಪ್ಪ ತಳದ್ದು ಕಸಬರಿಗೆ ಎಳೆದ ಹಾಗೆ ಸಮನಾಗಿ ಹೋಗಿತ್ತು. ಹತ್ತಿರದ ಏಟಿನ ಗಿಡ್ಡ ಕೋಲುಗಳಲ್ಲಿ ಇದು ತಿರುವುಮುರುವು. ಅಲ್ಲಿ ದಪ್ಪದ್ದು ನೆಲಕ್ಕೆ ಬಡಿದು ಪುಟಿಯಿತು, ತೆಳುವಾದದ್ದು ನಯವಾಗಿ ಹೊಕ್ಕು ಹೊರಟಿತು. ಮಧ್ಯದವಕ್ಕೆ ದೊರೆಸಾನಿಯ ಹಗುರ ಕೋಲೇ ಸರಿ ಬಂತು. ಅದರಲ್ಲೂ ಒಂದು, ಏಳು ಅಂತ ನಂಬರು ಕೊರೆದಿದ್ದ ಕೋಲು, ಪಿಳ್ಳಪ್ಪನ ಕೈಗೆ ಸಿಕ್ಕ ಕೂಡಲೇ ಅವನ ಮುಖವೇ ಬೇರೆಯಾಯಿತು.

"ಇದು ಹೆಂಗೈತೆ?"

"ಇದು ಕೈಯಲ್ಲಿದೆ ಅಂತಾನೇ ಗೊತ್ತಾಗಲ್ಲಕ್ಕಾ."

ಸರಿ, ದೂರಕ್ಕೆ ದಪ್ಪನೆಯವು ಮೂರು, ಮಧ್ಯಕ್ಕೆ ದೊರೆಸಾನಿಯವು ಎರಡು, ಹತ್ತಿರಕ್ಕೆ ತೆಳುವಾದವು ಎರಡು. ಏಳು ಕೋಲು ಅವಳು ಆರಿಸಿ ಇಟ್ಟಳು. ಊರಿಗೆ ನಗಲು ಒಂದು ನೆಪ ಸಿಕ್ಕಿತು. ಮೂರು ಮನೆಯ ಸೊಸೆಯರನ್ನು ತಂದು ಒಂದೇ ಅಡುಗೆಮನೆಗೆ ಬಿಟ್ಟಿದ್ದಾಳೆ, ಮುದ್ದೆ ಬೆಂದ ಹಾಗೇ ಅಂದರು.

ಅಲ್ಲಿ ಅವಳಿಂದ ಒಂದು ತಪ್ಪಾಯಿತು. ನಮ್ಮೂರಿನವರಿಗೆ ಮಾತ್ರ ಆಗಬಹುದಾದ ತಪ್ಪು. ಚಿನ್ನದ ಪಕ್ಕದಲ್ಲಿ ಬದುಕಿದವರು ನಾವು, ತಕ್ಕಡಿ ಸಮ ನಿಂತರೆ ದೇವರೇ ಒಪ್ಪಿದ ಹಾಗೆ ಅಂತ ನಂಬಿದವರು. ಮೂರು ಮನೆಯ ಕೋಲು ಒಂದೇ ಮನೆಯದಾಗಬೇಕಾದರೆ ತೂಕ ಒಂದಾಗಬೇಕು ಅಂತ ಸಂಪಂಗಮ್ಮ ಲೆಕ್ಕ ಹಾಕಿದಳು. ಅಂಗಡಿಯಿಂದ ತಕ್ಕಡಿ ತರಿಸಿದಳು. ಭಾರದವನ್ನು ಅರ ಹಾಕಿ ಉಜ್ಜಿದಳು, ಹಗುರದವಕ್ಕೆ ಸೀಸ ಕಟ್ಟಿದಳು. ಹನ್ನೆರಡು ದಿನ ಕೂತು ಏಳೂ ಕೋಲನ್ನು ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ ಸರಿದೂಗಿಸಿದಳು. ಅವಳಿಗೆ ಒಳಗೊಳಗೇ ಹೆಮ್ಮೆ ಆಗಿತ್ತು. ಬೈರಾಚಾರಿ ಇದ್ದಿದ್ದರೆ ನೋಡಬೇಕಿತ್ತು ಅಂದುಕೊಂಡಳಂತೆ.

ಒಂದು ಸೋಮವಾರ ಬಯಲು ಖಾಲಿ ಇದ್ದಾಗ ಪಿಳ್ಳಪ್ಪ ಆ ಏಳು ಕೋಲು ಹಿಡಿದು ಒಂಬತ್ತು ಗುಳಿ ಸುತ್ತಿಬಂದ. ಅರವತ್ತೊಂದು ಏಟು. ಒಂದು ಕೋಲು ಕೈಗಿಂತ ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಎಳೆಯುತ್ತದೆ, ಚೆನ್ನಾಗಿದ್ದ ಆ ಏಳನೆಯ ನಂಬರಿನದೂ ಸೀಸ ಕಟ್ಟಿದ ಮೇಲೆ ಪರರ ಪಾಲಾದ ಹಾಗಿದೆ ಅಂದ. ಸಂಪಂಗಮ್ಮ ಬೇಲಿಯ ಹೊರಗೆ ನಿಂತು ಎಲ್ಲ ನೋಡಿದ್ದಳು. ಅವನು ಅವಳ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ದಿನ ಅವಳು ಒಲೆ ಹಚ್ಚಲಿಲ್ಲ. ತಕ್ಕಡಿ ಸರಿ, ಕಣ್ಣು ಸರಿ, ಕೈ ಸರಿ, ಹಾಗಾದರೆ ತಪ್ಪಿದ್ದೆಲ್ಲಿ? ಯಾಕೆ?

ಯುಗಾದಿಗೆ ಹದಿನಾರು ದಿನ ಉಳಿದಿತ್ತು. ಪಿಳ್ಳಪ್ಪ ಕುಲುಮೆಯ ಕಡೆ ಬರುವುದನ್ನೇ ಬಿಟ್ಟ. ಅವನ ಹೆಂಡತಿ ಅಕ್ಕಯಮ್ಮ ಪಾತ್ರೆಗಳನ್ನು ಗೋಣಿಗೆ ತುಂಬಲು ಶುರುಮಾಡಿದಳು. ಹೋಗುವ ಮುಂಚೆ ಹಬ್ಬಕ್ಕೆ ನಾಲ್ಕು ಸೇರು ಭತ್ತ ಕುಟ್ಟಿಕೊಳ್ಳೋಣ ಅಂತ ಸಂಪಂಗಮ್ಮನ ಅಂಗಳಕ್ಕೆ ಬಂದಳು, ಅಲ್ಲಿ ಒಳ್ಳೆಯ ಒರಳಿತ್ತು. ಸಂಪಂಗಮ್ಮ ತನ್ನ ಒನಕೆ ಕೊಟ್ಟಳು. ಅಕ್ಕಯಮ್ಮ ನಾಲ್ಕು ಸಲ ಎತ್ತಿ ಹಾಕಿ ನಿಲ್ಲಿಸಿಬಿಟ್ಟಳು.

"ನಿಮ್ಮ ಒನಕೆ ನಂಗಾಗಲ್ಲಕ್ಕಾ. ಬಲೇ ಭಾರ. ಮನೆಯಿಂದ ನಮ್ಮದೇ ತತ್ತೀನಿ."

"ಎರಡಕ್ಕೂ ಕಬ್ಬಿಣದ ಬಳೆ ಹಾಕಿದ್ದು ನಾನೇ ಕಣೇ. ತೂಕ ಒಂದೇ."

"ತೂಕ ನಂಗೊತ್ತಿಲ್ಲಮ್ಮಾ. ರಟ್ಟೆಗೆ ಗೊತ್ತು."

ಸಂಪಂಗಮ್ಮ ಕೂತಲ್ಲಿಂದ ಎದ್ದಳು. ಅಕ್ಕಯಮ್ಮನ ಒನಕೆ ತರಿಸಿದಳು. ಎರಡನ್ನೂ ಕಟ್ಟಿಗೆ ಡಿಪೋದ ದೊಡ್ಡ ತಕ್ಕಡಿಯಲ್ಲಿ ಹಾಕಿಸಿದಳು. ಎರಡೂ ಒಂದೇ ತೂಕ! ಮತ್ತೆ ಮನೆಗೆ ತಂದು ಒಂದೊಂದನ್ನು ಎತ್ತಿ ನೋಡಿದಳು. ರಟ್ಟೆ ಹೇಳುವುದೇ ಬೇರೆ. ಅಕ್ಕಯಮ್ಮನ ಕೈಯಲ್ಲಿ ಎತ್ತಿಸಿದಳು, ದಾರಿಯಲ್ಲಿ ಹೋಗುತ್ತಿದ್ದ ಹೂವಿನವಳನ್ನು ಕರೆದು ಎತ್ತಿಸಿದಳು. ಅವಳೂ ಅದನ್ನೇ ಅಂದಳು. ಆಮೇಲೆ ಸಂಪಂಗಮ್ಮ ಎರಡು ಒನಕೆಯನ್ನೂ ಅಡಿಗಲ್ಲಿನ ಅಂಚಿನ ಮೇಲೆ ಅಡ್ಡ ಇಟ್ಟು, ಹಿಂದೆ ಮುಂದೆ ಸರಿಸಿದಳು. ಅಡಿಗಲ್ಲು ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ಅವಳ ಕಬ್ಬಿಣದ ದಿಮ್ಮಿ. ಅಕ್ಕಯಮ್ಮನ ಒನಕೆ ನಟ್ಟನಡುವೆ ಸಮ ನಿಂತಿತು. ತನ್ನದು ಸಮ ನಿಂತದ್ದು ನಡುವಿನಿಂದ ಒಂದು ಗೇಣು ಬುಡದ ಕಡೆಗೆ.

ಅವಳು ನಕ್ಕಳು. ಗಂಡ ಸತ್ತ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ಯಾರೂ ಕೇಳಿರಲಿಲ್ಲ ಅಂತಾರೆ. ತಕ್ಕಡಿಯಲ್ಲಿ ಮಲಗಿದ ಕೋಲಿನ ತೂಕವನ್ನು ಅವಳು ತೂಗಿದ್ದಳು, ಬೀಸುವ ಕೈಗೆ ಬೇಕಾದ್ದು ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಭತ್ತ ಕುಟ್ಟುವ ಹೆಂಗಸರಿಗೆಲ್ಲ ರಟ್ಟೆಯಲ್ಲಿ ಗೊತ್ತಿದ್ದ ವಿಷಯ, ಕುಲುಮೆಯವಳ ತಲೆಗೆ ಹನ್ನೆರಡು ದಿನ ಹೊಳೆದಿರಲಿಲ್ಲ.

"ಲೇ ಅಕ್ಕಯಮ್ಮ, ಗೋಣಿ ಬಿಚ್ಚು. ನಿನ್ ಗಂಡನ್ನ ಕಳಿಸು. ಬರುವಾಗ ಮನೆಯಿಂದ ಒಂದು ಸೇರು ರಾಗಿ ತರೋಕೆ ಹೇಳು."

ಪಿಳ್ಳಪ್ಪ ಬಂದ. ಮನಸ್ಸಿಲ್ಲದ ಮನಸ್ಸಿನಿಂದ ಬಂದ. ಸಂಪಂಗಮ್ಮ ಕಟ್ಟಿದ್ದ ಸೀಸವನ್ನೆಲ್ಲ ಕಿತ್ತುಹಾಕಿದ್ದಳು. ದೊರೆಸಾನಿಯ ಆ ಮೆಚ್ಚಿನ ಕೋಲು ಮೊದಲಿನಂತಾಗಿತ್ತು. ಅದರ ಹಿಡಿಯ ತುದಿಯಿಂದ ಪಿಳ್ಳಪ್ಪನ ಕೈಯಲ್ಲೇ ಒಂದು ಗೇಣು ನಾಲ್ಕು ಬೆರಳು ಅಳೆಸಿದಳು. ಅಷ್ಟು ದೂರಕ್ಕೆ ಕೋಲನ್ನು ಅಡಿಗಲ್ಲಿನ ಅಂಚಿನ ಮೇಲೆ ಇಟ್ಟಳು. ಕಬ್ಬಿಣದ ತಲೆ ಕೆಳಗೆ ಜೋತಿತು. ಹಿಡಿಯ ತುದಿಗೆ ಒಂದು ಬಟ್ಟೆಯ ಚೀಲ ಕಟ್ಟಿ, ಅದಕ್ಕೆ ಹಿಡಿ ಹಿಡಿ ರಾಗಿ ಹಾಕಿದಳು. ತಲೆ ಮೆಲ್ಲಗೆ ಮೇಲೆದ್ದಿತು. ಕೋಲು ತಕ್ಕಡಿಯ ದಂಡಿಗೆಯ ಹಾಗೆ ಸಮ ನಿಂತಾಗ ಚೀಲದಲ್ಲಿ ಎರಡು ಪಾವು, ಅಂದರೆ ಅರ್ಧ ಸೇರು ರಾಗಿ ಇತ್ತು.

ಆ ಎರಡು ಪಾವು ರಾಗಿ ಪಿಳ್ಳಪ್ಪನ ಕೈ. ಅವಳು ಹಾಗೇ ಅಂದಳಂತೆ, ಇದು ನಿನ್ ಕೈ ಕಣಪ್ಪಾ ಅಂತ. ಮಿಕ್ಕ ಆರು ಕೋಲನ್ನೂ ಅದೇ ಚೀಲಕ್ಕೆ, ಅದೇ ರಾಗಿಗೆ, ಅದೇ ಅಂಚಿಗೆ ಸರಿ ನಿಲ್ಲಿಸಬೇಕು. ಒಂದು ಕಾಳು ತೆಗೆಯುವಂತಿಲ್ಲ, ಒಂದು ಕಾಳು ಹಾಕುವಂತಿಲ್ಲ. ಒಂದಕ್ಕೆ ತಲೆಯಲ್ಲಿ ಅರ ಹಾಕಿದಳು, ಒಂದಕ್ಕೆ ಕಾವು ಹೆರೆದಳು, ಒಂದಕ್ಕೆ ಹಿಡಿಯ ತೊಗಲು ಬಿಚ್ಚಿ ಒಳಗೆ ಸೀಸದ ತಗಡು ಸುತ್ತಿದಳು. ತಕ್ಕಡಿಗೆ ಹಾಕಿದರೆ ಈಗ ಏಳೂ ಬೇರೆ ಬೇರೆ ತೂಕ. ಪಿಳ್ಳಪ್ಪ ಕಣ್ಣು ಮುಚ್ಚಿಕೊಂಡು ಒಂದೊಂದೇ ಬೀಸಿದ. ಯಾವುದು ಯಾರ ಮನೆಯದು ಅಂತ ಅವನಿಗೆ ತಿಳಿಯಲಿಲ್ಲ. ಏಳು ಸಲ ಬೀಸಿ, ಕಣ್ಣು ತೆಗೆದು, ಅವಳ ಮುಖ ನೋಡಿ, ಅತ್ತುಬಿಟ್ಟ.

"ಆಮೇಲೆ ಅಳೀವಂತೆ, ನಡಿ ಬಯಲಿಗೆ" ಅಂದಳು ಸಂಪಂಗಮ್ಮ.

ಬಯಲಿನಲ್ಲಿ ಇನ್ನೊಂದು ತೊಡಕು ಕಾದಿತ್ತು. ಒಂದೊಂದು ಕೋಲಿನಿಂದ ಹತ್ತು ಹತ್ತು ಚೆಂಡು ಹೊಡೆಸಿ, ಹೆಚ್ಚು ಚೆಂಡು ಬಿದ್ದ ಜಾಗಕ್ಕೆ ಒಂದೊಂದು ಕಲ್ಲು ಇಟ್ಟಳು. ಏಳು ಕಲ್ಲು ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಬರಬೇಕಿತ್ತು. ಮೂರನೆಯದು ನಾಲ್ಕನೆಯದು ಅಕ್ಕತಂಗಿಯರ ಹಾಗೆ ಒತ್ತಿಕೊಂಡು ಕೂತಿದ್ದವು. ಐದಕ್ಕೂ ಆರಕ್ಕೂ ನಡುವೆ ನಲವತ್ತು ಹೆಜ್ಜೆ ಖಾಲಿ. ಯಾಕೆ ಅಂದರೆ, ಚೆಂಡು ಎಷ್ಟು ದೂರ ಹೋಗಬೇಕು ಅನ್ನುವುದಕ್ಕೆ ಕೋಲಿನ ಮೇಲೆ ಕೊರೆದ ನಂಬರಿನಲ್ಲಿ, ಒಂದು ಮನೆಯ ಐದು ಇನ್ನೊಂದು ಮನೆಯ ಆರು. ಕೊರೆದ ನಂಬರನ್ನು ನಂಬಿ ಕೂತರೆ ಚೆಂಡು ಬೀಳಬೇಕಾದ ಜಾಗದಲ್ಲಿ ಕೋಲೇ ಇಲ್ಲ! ಅವಳು ಕಾವು ಕಳಚಿ, ಮೂರನೆಯದರ ಕತ್ತನ್ನು ಕೆಂಪಗೆ ಕಾಯಿಸಿ ಮುಖವನ್ನು ತುಸು ನೆಟ್ಟಗೆ ಮಾಡಿದಳು, ಚೆಂಡು ಇನ್ನಷ್ಟು ದೂರ ಓಡಲಿ ಅಂತ. ಆರನೆಯದಕ್ಕೂ ಹಾಗೇ ಮಾಡಿದಳು. ಮತ್ತೆ ಕಲ್ಲು, ಮತ್ತೆ ಬೆಂಕಿ, ಮತ್ತೆ ರಾಗಿ. ಒಂದು ದಿನ ಪಿಳ್ಳಪ್ಪನ ಮೊಣಕೈ ಊದಿತು, ಆ ದಿನ ಬಿಟ್ಟರು. ಕೊನೆಗೆ ಏಳು ಕಲ್ಲು ಏಳು ಮೆಟ್ಟಿಲಾದವು. ಆಗ ಅರ ತೆಗೆದುಕೊಂಡು ಎಲ್ಲ ಕೋಲಿನ ನಂಬರನ್ನೂ ಉಜ್ಜಿ ಹಾಕಿದಳು. ಅಲ್ಲಿ ತನ್ನ ಉಳಿಯಿಂದ ಚುಕ್ಕಿ ಇಟ್ಟಳು. ದೂರದ್ದಕ್ಕೆ ಒಂದು ಚುಕ್ಕಿ, ಹತ್ತಿರದ್ದಕ್ಕೆ ಏಳು.

ಕೂಲಿ ಅಂತ ಅವಳು ಏನೂ ಕೇಳಲಿಲ್ಲ. ಚೀಲದಲ್ಲಿದ್ದ ಆ ಎರಡು ಪಾವು ರಾಗಿಯನ್ನು ಇಟ್ಟುಕೊಂಡಳು. ಮಾರನೆಯ ಬೆಳಗ್ಗೆ ಬೀಸಿ, ಮುದ್ದೆ ಮಾಡಿ ಉಂಡಳು.

ಯುಗಾದಿ ಕಳೆದ ಶನಿವಾರ ಬಂತು. ಬೇಲಿಯ ಹೊರಗೆ ಊರಿಗೆ ಊರೇ ನಿಂತಿತ್ತು. ಕಮಿಟಿಯ ದೊರೆಗಳು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಿಳ್ಳಪ್ಪನ ಚೀಲ ನೋಡಿ ಅವರಲ್ಲೊಬ್ಬ ಕೆಂಪು ಮೂಗಿನ ದೊರೆ ಎದ್ದ. ಇದು ಕೋಲಿನ ಕಟ್ಟಲ್ಲ, ಕಸ. ಒಂದರ ಮುಖ ಒಂದಕ್ಕಿಲ್ಲ, ನಂಬರೂ ಇಲ್ಲ. ಉಗ್ರಾಣದಲ್ಲಿದ್ದ ಕಂಡವರ ಕೋಲು ತಂದು ತನ್ನದು ಅಂತಾನೆ, ಇವನನ್ನು ಆಡಿಸುವ ಹಾಗಿಲ್ಲ ಅಂದ.

ಆಗ ಬೇಲಿಯ ಆಚೆಯಿಂದ ಸಂಪಂಗಮ್ಮ ಗಟ್ಟಿಯಾಗಿ ಹೇಳಿದಳು.

"ಕಂಡವರದ್ದಾದ್ರೆ ದೊರೆಗಳೇ ಒಂದೇಟು ಹೊಡೆದು ನೋಡ್ಲಿ!"

ಸೆಕ್ರೆಟರಿ ದೊರೆ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಕೆಂಪು ಮೂಗಿನವನು ನಕ್ಕು, ಚೀಲದಿಂದ ನಾಲ್ಕು ಚುಕ್ಕಿಯ ಕೋಲು ಎಳೆದು ಬೀಸಿದ. ಅವನು ಅಲ್ಲಿನ ಒಳ್ಳೆಯ ಆಟಗಾರರಲ್ಲಿ ಒಬ್ಬ. ಚೆಂಡು ಪಕ್ಕಕ್ಕೆ ಸಿಡಿದು ಮೇಕೆಗಳ ನಡುವೆ ಬಿತ್ತು. ಇನ್ನೊಂದು ತೆಗೆದ, ಅದು ನೆಲ ಅಗೆಯಿತು. ಮೂರನೆಯದರಲ್ಲಿ ಚೆಂಡು ಕಮಿಟಿಯ ಕುರ್ಚಿಗಳ ಕಡೆಗೇ ಬಂತು ಅಂತಾರೆ, ಎಲ್ಲರೂ ಬಗ್ಗಿದರು ಅಂತಾರೆ. ಪಿಳ್ಳಪ್ಪ ಅದೇ ನಾಲ್ಕು ಚುಕ್ಕಿಯದನ್ನು ತೆಗೆದುಕೊಂಡು ಒಂದು ಏಟು ಹೊಡೆದ. ಅವನ ಸೊಟ್ಟ ಕೈ ಸೊಟ್ಟಗೇ ತಿರುಗಿತು, ಚೆಂಡು ನೆಟ್ಟಗೆ ಹೋಯಿತು. ಸೆಕ್ರೆಟರಿ ದೊರೆ ಕಮಿಟಿಯ ಕಡೆ ತಿರುಗಿ, ಈ ಲೋಕದಲ್ಲಿ ಇವನೊಬ್ಬನಿಗೆ ಮಾತ್ರ ಆಗುವ ಕೋಲು ಇವನದ್ದಲ್ಲದೆ ಇನ್ನಾರದ್ದು ಅಂತ ಕೇಳಿದ. ಕೆಂಪು ಮೂಗಿನವನು ಹೋಗಿ ಕುರ್ಚಿಯಲ್ಲಿ ಕೂತ.

ಆಟ ಶುರುವಾಯಿತು. ಎರಡನೆಯ ಗುಳಿಯಲ್ಲಿ ಹೀಗಾಯಿತು, ಐದನೆಯದರಲ್ಲಿ ಹಾಗಾಯಿತು ಅಂತ ಊರಲ್ಲಿ ಹತ್ತು ಥರ ಹೇಳುತ್ತಾರೆ. ಎಂಟು ಗುಳಿ ಮುಗಿದಾಗ ನಲವತ್ತು ಏಟಾಗಿತ್ತು ಅನ್ನುವುದರಲ್ಲಿ ಮಾತ್ರ ಜಗಳವಿಲ್ಲ. ಉಳಿದದ್ದು ಒಂದು ಗುಳಿ, ಐದು ಏಟು. ಒಂದು ಚುಕ್ಕಿಯದರಲ್ಲಿ ದೂರಕ್ಕೆ ಹೊಡೆದ. ಮೂರು ಚುಕ್ಕಿಯದರಲ್ಲಿ ಹೊಡೆದದ್ದು ಕಲ್ಲಿಗೆ ತಾಗಿ ಗಾಡಿಯ ಜಾಡಿಗೆ ಬಿತ್ತು. ಜಾಡು ಮೂರು ಬೆರಳು ಅಗಲ, ಚೆಂಡು ಒಳಗೆ ಹೂತುಕೊಂಡಿದೆ. ದಪ್ಪ ತಳದ್ದು ಅದರೊಳಗೆ ಇಳಿಯುವುದಿಲ್ಲ. ಬೇಲಿಯ ಹೊರಗೆ ಅಕ್ಕಯಮ್ಮ ಕಣ್ಣು ಮುಚ್ಚಿಕೊಂಡಳು. ಪಿಳ್ಳಪ್ಪ ಚೀಲದ ಕಡೆ ನೋಡದೆಯೇ ಕೈ ಹಾಕಿದ. ಏಳು ಚುಕ್ಕಿಯ ತೆಳು ಅಲಗು ಜಾಡಿನೊಳಗೆ ಇಳಿದು ಚೆಂಡನ್ನು ಎತ್ತಿ ಹಾಕಿತು. ಆರು ಚುಕ್ಕಿಯದು ಅದನ್ನು ಎಣ್ಣೆಮರಳಿನ ಮೇಲೆ ತಂದು ಬಿಟ್ಟಿತು. ಗುಳಿಗೆ ಇನ್ನು ಆರು ಮೊಳ, ಉಳಿದದ್ದು ಒಂದೇ ಏಟು.

ಚೆಂಡು ಗುಳಿಯ ಅಂಚಿನಲ್ಲಿ ನಿಂತು ಯೋಚನೆ ಮಾಡಿತು, ಗಾಳಿ ಬೀಸಿತು, ಗರುಡ ಸುತ್ತಿತು, ಹೀಗೆಲ್ಲ ಹೇಳುವವರಿದ್ದಾರೆ. ಎಲ್ಲ ಸುಳ್ಳು. ನೂಕಿದ, ನೆಟ್ಟಗೆ ಹೋಯಿತು, ಬಿತ್ತು. ನಲವತ್ತೈದು. ಈಗ ಕೆಲವರು ನಲವತ್ತೆರಡು ಅಂತಾರೆ, ನಲವತ್ತು ಅಂತಾರೆ, ಇನ್ನು ನೂರು ವರ್ಷ ಬಿಟ್ಟರೆ ಒಂಬತ್ತು ಗುಳಿಗೆ ಒಂಬತ್ತೇ ಏಟು ಅನ್ನುತ್ತಾರೆ. ಅನ್ನಲಿ ಬಿಡಿ. ಸಂಪಂಗಮ್ಮ ಮಾತ್ರ ಕೊನೆಯ ಏಟಿನಲ್ಲಿ ಚೆಂಡನ್ನು ನೋಡಲೇ ಇಲ್ಲವಂತೆ. ಅವಳು ಪಿಳ್ಳಪ್ಪನ ಮೊಣಕೈ ನೋಡುತ್ತಿದ್ದಳು.

ಆಮೇಲೆ ದೊರೆಗಳೇ ಕೋಲು ಹೊತ್ತು ಅವಳ ಕುಲುಮೆಗೆ ಬಂದರು ಅಂತಾರೆ. ಕೆಂಪು ಮೂಗಿನವನು, ನನ್ನ ಕೋಲಿಗೂ ಎರಡು ಪಾವು ರಾಗಿ ಕಟ್ಟು ಅಂದನಂತೆ. ಅದು ಅವನ ರಾಗಿ, ನಿಮ್ಮ ರಾಗಿ ಎಷ್ಟು ಅಂತ ನಂಗೇನು ಗೊತ್ತು ಅಂತ ಅವಳು ಬಿಂದಿಗೆ ಕೊಟ್ಟಳು. ದೊರೆ ಟೋಪಿ ತೆಗೆದಿಟ್ಟು ಬಾವಿಯಿಂದ ನೀರು ಹೊತ್ತು ತಂದ. ಅರ್ಧ ಬಿಂದಿಗೆ ಮೈಮೇಲೆ ಚೆಲ್ಲಿಕೊಂಡಿದ್ದ. ಆ ದಿನ ನಮ್ಮೂರು ನಕ್ಕ ನಗು ಗಣಿಯ ತಳಕ್ಕೂ ಕೇಳಿಸಿತಂತೆ.

ಪಿಳ್ಳಪ್ಪ ಮೂವತ್ತು ವರ್ಷ ಆ ಬಯಲಿನಲ್ಲಿ ಆಟ ಕಲಿಸಿದ. ಮೂರು ಹೆಣ್ಣುಮಕ್ಕಳ ಮದುವೆ ಆ ಲೈನು ಮನೆಯಲ್ಲೇ ಆಯಿತು. ಸಂಪಂಗಮ್ಮನಿಗೆ ವಯಸ್ಸಾಯಿತು. ಒಂದು ಚಳಿಗಾಲ ಅವಳ ಬಲಗೈಗೆ ನಡುಕ ಬಂತು, ಸುತ್ತಿಗೆ ಜಾರಿ ಜಾರಿ ಬೀಳತೊಡಗಿತು. ಅವಳು ಕುಲುಮೆಯ ಬಾಗಿಲು ಎಳೆದುಕೊಂಡಳು. ಎಲ್ಲರ ಕೈಯನ್ನೂ ಯಾಕೆ ಅಂತ ಕೇಳಿದವಳು, ತನ್ನ ಕೈಗೆ ಬಂದಾಗ ಕೇಳಲಿಲ್ಲ.

ಮೂರನೆಯ ದಿನ ಪಿಳ್ಳಪ್ಪ ಬಂದ. ಬಾಗಿಲು ತೆರೆಸಿದ. ಮೂಲೆಯಲ್ಲಿದ್ದ ಬಿಂದಿಗೆ ತೆಗೆದು ಅವಳ ಕೈಗೆ ಕೊಟ್ಟ.

"ನೀರು ತತ್ತೀಯೇನಕ್ಕಾ?"

ಅವಳು ಎದ್ದು ಬಾವಿಗೆ ಹೋದಳು. ಅವನು ಬಾಗಿಲಲ್ಲಿ ನಿಂತು ಅವಳು ಬರುವುದನ್ನು ನೋಡಿದ. ಎಷ್ಟು ವರ್ಷ ಅವಳ ಹತ್ತಿರ ಕೂತು ಕಲಿತಿದ್ದನೋ ಏನೋ. ಊರಿನ ನಾಲ್ಕು ಮನೆಯಿಂದ ನಾಲ್ಕು ಸುತ್ತಿಗೆ ತಂದು ಅವಳ ಕೈಗೆ ಕೊಟ್ಟು, ಹಿತವಾದದ್ದು ಯಾವುದು ಅಂತ ಕೇಳಿದ. ಅದನ್ನು ಅಡಿಗಲ್ಲಿನ ಅಂಚಿಗಿಟ್ಟು ರಾಗಿ ಕಟ್ಟಿದ. ಆಮೇಲೆ ಅವಳ ಸ್ವಂತ ಸುತ್ತಿಗೆಯನ್ನು, ಬೈರಾಚಾರಿಯ ಕಾಲದಿಂದ ಇದ್ದದ್ದನ್ನು, ತನ್ನ ಸೊಟ್ಟ ಕೈಯಲ್ಲಿ ಅರ ಹಾಕಿ, ಕಾವು ಹೆರೆದು, ಅದೇ ರಾಗಿಗೆ ಸಮ ನಿಲ್ಲಿಸಿದ. ಸಂಪಂಗಮ್ಮ ಇನ್ನೂ ಆರು ವರ್ಷ ಕಬ್ಬಿಣ ಬಡಿದಳು.

ಈಗ ಗಣಿ ಮುಚ್ಚಿದೆ. ಬಯಲಿನ ಗುಳಿಗಳು ಹೂತುಹೋಗಿವೆ, ಮೇಕೆಗಳದ್ದೇ ಕಾರುಬಾರು. ಬೂದಿಗುಡ್ಡ ಮಾತ್ರ ಹಾಗೇ ಇದೆ. ಪಿಳ್ಳಪ್ಪನ ಏಳು ಕೋಲಿನಲ್ಲಿ ಒಂದು ಅವನ ಮರಿಮಗಳ ಮನೆಯ ಹಿತ್ತಿಲ ಬಾಗಿಲಿಗೆ ಅಗುಳಿಯಾಗಿದೆ ಅಂತಾರೆ, ಚುಕ್ಕಿ ಎಷ್ಟು ಅಂತ ಯಾರೂ ನೋಡಿಲ್ಲ. ಹೊಂಗೆಮರದ ಕೆಳಗೆ ಆ ಅಡಿಗಲ್ಲು ಇನ್ನೂ ಇದೆ. ಹೊಸಕುಂಟೆಗೆ ಸೊಸೆ ಬಂದರೆ ಅತ್ತೆಯ ಒನಕೆ, ಅತ್ತೆಯ ಕುಡುಗೋಲು ಹಾಗೇ ಅವಳ ಕೈಗೆ ಕೊಡುವುದಿಲ್ಲ, ಮೊದಲು ಆ ಕಲ್ಲಿನ ಅಂಚಿಗೆ ಇಡಿಸಿ ಅವಳ ರಾಗಿ ಎಷ್ಟು ಅಂತ ನೋಡುತ್ತಾರೆ.

ಮತ್ತೆ ಯಾರಿಗಾದರೂ ಕೈಗೋ ಭುಜಕ್ಕೋ ಪೆಟ್ಟಾಗಿ, ಆಸ್ಪತ್ರೆಯಿಂದ ಮನೆಗೆ ಬಂದರೆ, ಇನ್ನು ನಿನ್ನ ಕೈಲಿ ಏನಾಗುತ್ತೆ ಅಂತ ನಮ್ಮೂರಲ್ಲಿ ಕೇಳುವ ವಾಡಿಕೆ ಇಲ್ಲ. ಮಾರನೆಯ ಬೆಳಗ್ಗೆ ಮನೆಗೊಬ್ಬರು ತಮ್ಮ ತಮ್ಮ ಕುಡುಗೋಲು, ಗುದ್ದಲಿ, ಸೌಟು ಹಿಡಿದು ಹೊಂಗೆಮರದ ಕೆಳಗೆ ಬರುತ್ತಾರೆ, ಜೊತೆಗೆ ಒಂದೊಂದು ಹಿಡಿ ರಾಗಿ ತರುತ್ತಾರೆ. ಪೆಟ್ಟಾದವರು ಒಂದೊಂದನ್ನೇ ಎತ್ತಿ, ಹಿತವಾದದ್ದನ್ನು ಆರಿಸುತ್ತಾರೆ. ಅದನ್ನು ಅಂಚಿಗಿಟ್ಟು ಚೀಲ ಕಟ್ಟುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ರಾಗಿ ಹಾಕುತ್ತಾ ಹೋಗುತ್ತಾರೆ, ಅದು ಸಮ ನಿಲ್ಲುವವರೆಗೆ. ಆಮೇಲೆ ಆ ರಾಗಿಯನ್ನು ಮನೆಗೆ ಒಯ್ಯುವುದಿಲ್ಲ. ಸಂಪಂಗಮ್ಮನ ಕೂಲಿ ಅಂತ ಅಡಿಗಲ್ಲಿನ ಮೇಲೆ ಸುರಿದು ಬರುತ್ತಾರೆ, ಗುಬ್ಬಚ್ಚಿಗಳು ಬಂದು ತಿನ್ನುತ್ತವೆ.